ಕಾರ್ಖಾನೆಯ ಬಾಗಿಲಲ್ಲೇ ನಿಂತ ಕಾನೂನು: ಹಳೆಯ ವಾಹನಗಳ ದುರಸ್ತಿ ಮತ್ತು ಕಲ್ನಾರು

ಆಸ್ಬೆಸ್ಟಾಸಿಗೆ ಕನ್ನಡದಲ್ಲಿ ಕಲ್ನಾರು ಎಂಬ ಹೆಸರಿದೆ. ಬಂಡೆಯಿಂದ ಅಗೆದ ಈ ಖನಿಜವನ್ನು ಬಿಡಿಸಿದರೆ ಹತ್ತಿಯ ಹಾಗೆ ಎಳೆಯೆಳೆಯಾಗಿ ಬರುತ್ತದೆ. ಹೊಳೆನರಸೀಪುರದ ಸುತ್ತಿನ ಶಿಲಾಪಟ್ಟಿಯಲ್ಲಿ ಇದನ್ನು ಅಗೆದವರೂ ನಮ್ಮವರೇ. ಉತ್ತರ ಕನ್ನಡದ ಮೆಕ್ಯಾನಿಕ್‌ಗಳ ಕೈಗೆ ಮಾತ್ರ ಅದು ಬ್ರೇಕ್ ಲೈನರಿನ ರೂಪದಲ್ಲಿ ಬಂತು.

ಇದೇ ಜಿಲ್ಲೆಯ ಮುಂಡಗೋಡದ ಟಿಬೆಟನ್ ಕಾಲೊನಿ 1966ರಲ್ಲಿ ಡೋಗುಲಿಂಗ್ ಎಂಬ ಹೆಸರಿನಲ್ಲಿ ಸುಮಾರು 4000 ಎಕರೆಯಲ್ಲಿ ನೆಲೆಗೊಂಡಿತು. ಕಾಡು ಕಡಿದ ನೆಲದಲ್ಲಿ ಭತ್ತ, ಮೆಕ್ಕೆಜೋಳ ಬೆಳೆಯಬೇಕಿತ್ತು. ಹುಬ್ಬಳ್ಳಿಯ ಪೇಟೆಗೂ ಕಾಲೊನಿಯೊಳಗೆ ಕ್ಯಾಂಪಿನಿಂದ ಕ್ಯಾಂಪಿಗೂ ಓಡಾಡಬೇಕಿತ್ತು. ಇಡೀ ಸೀಮೆಯಲ್ಲಿ ಟ್ರ್ಯಾಕ್ಟರು, ಮಹೀಂದ್ರ ಜೀಪು, ಟಾಟಾ ಲಾರಿಗಳು ಬೆಳೆದ ಕಾಲವದು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಹೊರತಂದ ಜಾವಾ, ಯೆಜ್ಡಿ ಬೈಕುಗಳೂ ಅದೇ ಕಾಲದವು. ಇಂದು ಜನ ಪ್ರೀತಿಯಿಂದ ಮತ್ತೆ ಕಟ್ಟಿ ಓಡಿಸುತ್ತಿರುವುದು ಈ ತಲೆಮಾರಿನ ಗಾಡಿಗಳನ್ನೇ. ಆ ಕಾಲದ ಬ್ರೇಕ್ ಶೂ, ಕ್ಲಚ್ ಪ್ಲೇಟ್, ಎಂಜಿನ್ನಿನ ಪ್ಯಾಕಿಂಗ್, ಸೈಲೆನ್ಸರಿಗೆ ಸುತ್ತಿದ ಹಗ್ಗ ಇವುಗಳಲ್ಲಿ ಕಲ್ನಾರು ಇರುವುದು ಮಾಮೂಲಾಗಿತ್ತು.

ಅದಕ್ಕೆ ಕಾರಣ ಬೆಂಕಿ. ಅರಬೈಲು ಘಟ್ಟವನ್ನು ಇಳಿಯುವ ಲಾರಿಯ ಡ್ರಮ್ಮು ಕಾದಾಗ ಬಟ್ಟೆಯಾಗಲಿ ಚರ್ಮವಾಗಲಿ ತಾಳುವುದಿಲ್ಲ. ಇಂಗ್ಲೆಂಡಿನ ಹರ್ಬರ್ಟ್ ಫ್ರೂಡ್ 1897ರಲ್ಲಿ ಕುದುರೆಗಾಡಿಗಳ ಬ್ರೇಕಿನಿಂದ ಕೆಲಸ ಶುರುಮಾಡಿ, ಮುಂದಿನ ಶತಮಾನದ ಮೊದಲ ದಶಕದಲ್ಲಿ ಮೋಟಾರು ಗಾಡಿಗಳಿಗಾಗಿ ಕಲ್ನಾರಿಗೆ ಹೊರಳಿದ. ಅವನ ಲೈನರುಗಳಿಗೆ ಬಂದ ಫೆರೋಡೋ ಎಂಬ ಹೆಸರು ಅವನ ಹೆಸರಿನ ಅಕ್ಷರಗಳನ್ನೇ ಹಿಂದುಮುಂದು ಮಾಡಿ, ಇನ್ನೊಂದಕ್ಷರ ಸೇರಿಸಿ ಕಟ್ಟಿದ್ದು.

ಅಪಾಯ ತಿಳಿಯಲು ತಡವಾಗಲಿಲ್ಲ. 1924ರಲ್ಲಿ ಕಲ್ನಾರಿನ ಗಿರಣಿಯಲ್ಲಿ ದುಡಿದ ನೆಲ್ಲಿ ಕರ್ಶಾ ಎಂಬ ಹೆಂಗಸಿನ ಸಾವು ಬ್ರಿಟನ್ನಿನ ವೈದ್ಯಪತ್ರಿಕೆಯಲ್ಲಿ ದಾಖಲಾಯಿತು. 1931ರಲ್ಲಿ ಅಲ್ಲಿನ ಕಾರ್ಖಾನೆಗಳಿಗೆ ಧೂಳಿನ ನಿಯಮ ಬಂತು. 1960ರಲ್ಲಿ ದಕ್ಷಿಣ ಆಫ್ರಿಕಾದ ವ್ಯಾಗ್ನರ್ ಮತ್ತು ಸಂಗಡಿಗರು ಶ್ವಾಸಕೋಶದ ಪೊರೆಗೆ ಬರುವ ಮೆಸೊಥೆಲಿಯೋಮ ಎಂಬ ಕ್ಯಾನ್ಸರಿಗೂ ಕಲ್ನಾರಿಗೂ ಇರುವ ನಂಟನ್ನು ತೋರಿಸಿದರು. 1965ರಲ್ಲಿ ಲಂಡನ್ನಿನ ಅಧ್ಯಯನವೊಂದು, ಕೆಲಸಗಾರರ ಬಟ್ಟೆಯ ಧೂಳಿನಿಂದ ಮನೆಯವರಿಗೂ ಈ ರೋಗ ಬಂದದ್ದನ್ನು ಹೊರಗೆಡವಿತು. ಧೂಳು ಒಳಹೊಕ್ಕ ಇಪ್ಪತ್ತು, ಮೂವತ್ತು, ನಲವತ್ತು ವರ್ಷಗಳ ಮೇಲೆ ರೋಗ ಕಾಣಿಸಿಕೊಳ್ಳುತ್ತದೆ. ಅಷ್ಟರಲ್ಲಿ ಗ್ಯಾರೇಜಿನ ಹುಡುಗ ಮುದುಕನಾಗಿರುತ್ತಾನೆ. ಕೆಮ್ಮಿಗೂ ಹಳೆಯ ಲೈನರಿಗೂ ಸಂಬಂಧ ಕಟ್ಟುವವರು ಯಾರು?

ಭಾರತದಲ್ಲಿ 1986ರಲ್ಲಿ ಕಲ್ನಾರಿನ ಹೊಸ ಗಣಿ ಗುತ್ತಿಗೆ ನಿಂತಿತು, 1993ರಲ್ಲಿ ನವೀಕರಣವೂ ನಿಂತಿತು. 1995ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕಲ್ನಾರು ಕಾರ್ಮಿಕರ ಆರೋಗ್ಯವನ್ನು ಬದುಕುವ ಹಕ್ಕಿನ ಭಾಗವೆಂದಿತು. ಅವರ ಆರೋಗ್ಯ ದಾಖಲೆಗಳನ್ನು ಕನಿಷ್ಠ 40 ವರ್ಷ ಕಾಪಾಡಬೇಕೆಂದಿತು. ನನಗೆ ಮುಖ್ಯವೆನಿಸುವುದು ಆ ತೀರ್ಪಿನ ಆಚೆ ಉಳಿದವರು. 1948ರ ಕಾರ್ಖಾನೆ ಕಾಯಿದೆ ಕನಿಷ್ಠ ಹತ್ತು ಮಂದಿ ವಿದ್ಯುತ್ತಿನ ನೆರವಿನಿಂದ ದುಡಿಯುವ, ಇಲ್ಲವೇ ವಿದ್ಯುತ್ತಿಲ್ಲದೆ ಇಪ್ಪತ್ತು ಮಂದಿ ದುಡಿಯುವ ಜಾಗವನ್ನು ಕಾರ್ಖಾನೆ ಎಂದಿತು. ಮುಂಡಗೋಡ, ಹಳಿಯಾಳ, ದಾಂಡೇಲಿಯ ರಸ್ತೆಬದಿಯ ಗ್ಯಾರೇಜಿನಲ್ಲಿ ಒಬ್ಬ ಮೇಸ್ತ್ರಿ, ಇಬ್ಬರು ಹುಡುಗರು; ಅದು ಕಾರ್ಖಾನೆಯ ಲೆಕ್ಕಕ್ಕೆ ಬರಲಿಲ್ಲ. ಅವರ ಎದೆಯೊಳಕ್ಕೆ ಹೋದ ಧೂಳನ್ನು ಯಾರೂ ಅಳೆಯಲಿಲ್ಲ. ದೇಶದಲ್ಲಿ ಗಣಿ ನಿಂತಿತೇ ಹೊರತು ರಷ್ಯಾ, ಕಜಕಿಸ್ತಾನಗಳಿಂದ ಬಿಳಿ ಕಲ್ನಾರಿನ ಆಮದು ನಿಲ್ಲಲಿಲ್ಲ.

ಬ್ರೇಕಿನ ಧೂಳಿನ ವಿಚಾರದಲ್ಲಿ ಒಂದು ಸೂಕ್ಷ್ಮವಿದೆ. ಡ್ರಮ್ಮಿನ ಬಿಸಿಗೆ ಕಲ್ನಾರಿನ ಬಹುಭಾಗ ನಾರಿನ ಗುಣ ಕಳೆದುಕೊಂಡು ಬೇರೆ ಖನಿಜವಾಗುತ್ತದೆ. ಹಾಗಾಗಿ ಸವೆದ ಧೂಳಿನಲ್ಲಿ ನಾರು ಕಡಿಮೆ. ಹೆಚ್ಚಿನ ಅಪಾಯ ಸವೆಯದ ಲೈನರನ್ನು ಗ್ರೈಂಡರಿಗೆ ಕೊಟ್ಟಾಗ, ರಿವಿಟಿಗೆ ತೂತು ಕೊರೆದಾಗ, ಎಮರಿ ಪೇಪರಿನಿಂದ ಅಂಚು ತೀಡಿದಾಗ, ಒಣಗಿ ಹುಡಿಯಾದ ಪ್ಯಾಕಿಂಗನ್ನು ಕೆರೆದಾಗ. ಹಾಗೆಂದು ಡ್ರಮ್ಮಿಗೆ ಕಂಪ್ರೆಸರಿನ ಗಾಳಿ ಹೊಡೆಯುವುದನ್ನು ಹಗುರಾಗಿ ಎಣಿಸಬಾರದು. ಉಳಿದ ನಾರೆಲ್ಲ ಒಮ್ಮೆಗೇ ಮೂಗಿನ ಮಟ್ಟಕ್ಕೆ ಏಳುತ್ತದೆ.

ಕಣ್ಣಿಂದ ನೋಡಿ ಕಲ್ನಾರು ಹೌದೋ ಅಲ್ಲವೋ ಹೇಳಲಾಗದು, ಪ್ರಯೋಗಾಲಯವೇ ಹೇಳಬೇಕು. ಹಳೆಯ ಗಾಡಿಯ ಮೂಲ ಲೈನರನ್ನು ಕಲ್ನಾರೆಂದೇ ಬಗೆದು ಬಿಚ್ಚುವುದು ಕ್ಷೇಮ. ಸೋಪು ಬೆರೆಸಿದ ನೀರನ್ನು ಮೆಲ್ಲಗೆ ಸಿಂಪಡಿಸಿ ಡ್ರಮ್ಮನ್ನು ಪೂರಾ ನೆನೆಸಿದ ಮೇಲೆಯೇ ಶೂ ಕಳಚಬೇಕು. ರಭಸದ ನೀರು ಧೂಳನ್ನು ಚಿಮ್ಮಿಸುತ್ತದೆ. ಬಾಯಿಗೆ ಕಟ್ಟಿದ ಕರವಸ್ತ್ರ ಈ ಎಳೆಗಳನ್ನು ತಡೆಯುವುದಿಲ್ಲ. ಮುಖಕ್ಕೆ ಬಿಗಿಯಾಗಿ ಕೂರುವ ಪಿ100 ಅಥವಾ ಎಫ್‌ಎಫ್‌ಪಿ3 ದರ್ಜೆಯ ಮಾಸ್ಕೇ ಬೇಕು, ಗಡ್ಡ ಬಿಟ್ಟವರಿಗೆ ಅದೂ ಸರಿಯಾಗಿ ಕೂರದು. ಹಳೆಯ ಶೂವಿಗೆ ಹೊಸ ಲೈನರು ಕೂರಿಸುವ ಕಸುಬು ದೊಡ್ಡದೇ, ಆದರೂ ಕಲ್ನಾರಿಲ್ಲದ ಲೈನರು ಹಾಕಿದ ಸಿದ್ಧ ಶೂ ತರುವುದೇ ಲೇಸು. ಒರೆಸಿದ ಒದ್ದೆ ಬಟ್ಟೆ, ಕಳಚಿದ ಲೈನರು ಎರಡು ದಪ್ಪ ಪ್ಲಾಸ್ಟಿಕ್ ಚೀಲಗಳೊಳಗೆ ಸೇರಲಿ, ಮೇಲೆ ಕಲ್ನಾರು ಎಂದು ಬರೆದಿರಲಿ. ಗುಜರಿಗೂ ಬೇಡ, ಬೆಂಕಿಗೂ ಬೇಡ. ಕೆಲಸದ ಅಂಗಿಯನ್ನು ಗ್ಯಾರೇಜಿನಲ್ಲೇ ನೆನೆಸಿ ಒಗೆಯಬೇಕು, ಮನೆಯ ಬಕೀಟಿಗೆ ಅದು ಹೋಗಕೂಡದು.