ಹಾರ್ಲೆಮ್ ಮತ್ತು ಶ್ರೀರಾಂಪುರ

ಮೊದಲ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳ ಹತ್ತಿ ಹೊಲಗಳಲ್ಲಿ ದುಡಿಯುತ್ತಿದ್ದ ಕರಿಯ ಜನರು ಲಕ್ಷಗಟ್ಟಲೆ ಸಂಖ್ಯೆಯಲ್ಲಿ ಉತ್ತರದ ನಗರಗಳಿಗೆ ಗುಳೆ ಹೊರಟರು. ನ್ಯೂಯಾರ್ಕಿನ ಹಾರ್ಲೆಮ್ ಬಡಾವಣೆ ಇಂಥವರಿಂದ ತುಂಬಿತು. 1920ರ ದಶಕದಲ್ಲಿ ಅಲ್ಲಿ ಕಾವ್ಯ, ಸಂಗೀತ, ನಾಟಕ, ಪತ್ರಿಕೆಗಳೆಲ್ಲ ಒಟ್ಟಿಗೆ ಅರಳಿದವು. ಚರಿತ್ರೆಕಾರರು ಇದನ್ನು ಹಾರ್ಲೆಮ್ ಪುನರುಜ್ಜೀವನ ಎಂದು ಕರೆಯುತ್ತಾರೆ. 1926ರಲ್ಲಿ ಮೊದಲ ಸಂಕಲನ ತಂದ ಲ್ಯಾಂಗ್‌ಸ್ಟನ್ ಹ್ಯೂಸ್, ಪಂಡಿತರ ಛಂದಸ್ಸನ್ನು ಬದಿಗಿಟ್ಟು, ಬೀದಿಯಲ್ಲಿ ಕೇಳಿಬರುತ್ತಿದ್ದ ಬ್ಲೂಸ್ ಹಾಡಿನ ಲಯವನ್ನೇ ಕವಿತೆಗೆ ತಂದರು.

ವಿದ್ಯಾರ್ಥಿಗಳಿಗೆ ಹಾರ್ಲೆಮ್ ದೂರದ ಮಾತು ಎನಿಸಬಹುದು. ರಾಜಾಜಿನಗರದ ಮಗ್ಗುಲಲ್ಲೇ ಇರುವ ಶ್ರೀರಾಂಪುರ ಅಷ್ಟು ದೂರವಲ್ಲ. ಮಾಗಡಿ ತಾಲ್ಲೂಕಿನ ಮಂಚನಬೆಲೆಯಲ್ಲಿ 1954ರಲ್ಲಿ ಹುಟ್ಟಿದ ಸಿದ್ಧಲಿಂಗಯ್ಯನವರು ಹೆತ್ತವರೊಂದಿಗೆ ಬೆಂಗಳೂರಿಗೆ ಬಂದು ಬೆಳೆದದ್ದು ಈ ಶ್ರೀರಾಂಪುರದ ಕೂಲಿಕಾರರ ನಡುವೆ. ಹಳ್ಳಿಯ ಕೇರಿಯಿಂದ ನಗರದ ಕೊಳೆಗೇರಿಗೆ ಬಂದ ಆ ಪಯಣವನ್ನು ಅವರು ತಮ್ಮ ಆತ್ಮಕಥೆ 'ಊರುಕೇರಿ'ಯಲ್ಲಿ ನಗುನಗುತ್ತಲೇ ಹೇಳಿದ್ದಾರೆ. ಹಸಿವನ್ನು ಹೀಗೆ ತಮಾಷೆಯಾಗಿ ಬರೆದವರು ನಮ್ಮಲ್ಲಿ ಕಡಿಮೆ. ಓದಿರದಿದ್ದರೆ ಈ ರಜೆಯಲ್ಲೇ ಓದಿ.

ಇದಕ್ಕೆ ಹಿನ್ನೆಲೆಯಾಗಿ ಒಂದು ಗಲಾಟೆಯಿದೆ. 1973ರ ನವೆಂಬರ್‌ನಲ್ಲಿ ಮೈಸೂರಿನ ಸಭೆಯೊಂದರಲ್ಲಿ ದೇವರಾಜ ಅರಸು ಸಂಪುಟದ ಸಚಿವ ಬಿ. ಬಸವಲಿಂಗಪ್ಪನವರು, ಕನ್ನಡ ಸಾಹಿತ್ಯದಲ್ಲಿ ಹೆಚ್ಚಿನದು ಬೂಸಾ ಎಂದುಬಿಟ್ಟರು. ಮಾತು ಒರಟಾಗಿತ್ತು ನಿಜ. ಆದರೆ ಅದಕ್ಕೆ ಬಂದ ಉತ್ತರ ಇನ್ನೂ ಒರಟು. ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಸಚಿವರು ರಾಜೀನಾಮೆ ಕೊಡಬೇಕಾಯಿತು. ಕನ್ನಡ ಯಾರದು, ಅದರಲ್ಲಿ ನಮ್ಮ ಬದುಕು ಎಲ್ಲಿದೆ ಎಂಬ ಪ್ರಶ್ನೆ ಹಾಸ್ಟೆಲ್ ಹುಡುಗರನ್ನು ಹಿಡಿದುಕೊಂಡಿತು. ಬಿ. ಕೃಷ್ಣಪ್ಪನವರ ಮುಂದಾಳತ್ವದಲ್ಲಿ ದಲಿತ ಸಂಘರ್ಷ ಸಮಿತಿ ಹುಟ್ಟಿದ್ದು ಈ ವರ್ಷಗಳಲ್ಲೇ. ನೆರೆಯ ಮುಂಬಯಿಯಲ್ಲಿ 1972ರಲ್ಲಿ ಹುಟ್ಟಿದ್ದ ದಲಿತ ಪ್ಯಾಂಥರ್ಸ್ ಅಮೆರಿಕದ ಬ್ಲ್ಯಾಕ್ ಪ್ಯಾಂಥರ್‌ಗಳ ಹೆಸರನ್ನೇ ತೆಗೆದುಕೊಂಡಿತ್ತು. ಹಾರ್ಲೆಮ್‌ನ ಗಾಳಿ ಇತ್ತ ಬೀಸಿದ್ದು ಹೀಗೆ ಸುತ್ತಿಬಳಸಿ. (ಅಂಬೇಡ್ಕರ್ ಅವರು 1913ರಿಂದ 1916ರವರೆಗೆ ಓದಿದ ಕೊಲಂಬಿಯಾ ವಿಶ್ವವಿದ್ಯಾಲಯ ಇರುವುದು ಹಾರ್ಲೆಮ್‌ನ ಪಕ್ಕದಲ್ಲೇ.)

1975ರಲ್ಲಿ 'ಹೊಲೆಮಾದಿಗರ ಹಾಡು' ಪ್ರಕಟವಾಯಿತು. ಜಾತಿಯ ಹೆಸರನ್ನು ಬೈಗುಳವಾಗಿಯೇ ಕೇಳಿದ್ದ ಓದುಗರಿಗೆ ಆ ಹೆಸರು ಪುಸ್ತಕದ ಮುಖಪುಟದಲ್ಲಿ ಕಂಡಿತು. ಅದರ ಪದ್ಯಗಳು ಪುಸ್ತಕದಲ್ಲಿ ಕೂರಲಿಲ್ಲ. ತಮಟೆಯೊಂದಿಗೆ ಮೆರವಣಿಗೆಗಳಲ್ಲಿ, ಧರಣಿಗಳಲ್ಲಿ ಹಾಡಾದವು. ಅಕ್ಷರ ಬಾರದವರಿಗೂ ಅವು ಬಾಯಿಪಾಠವಾಗಿದ್ದವು. ಹಾರ್ಲೆಮ್‌ಗೂ ಇಲ್ಲಿಗೂ ದೊಡ್ಡ ವ್ಯತ್ಯಾಸ ಕಾಣುವುದು ಇಲ್ಲಿಯೇ. ಅಲ್ಲಿ ಡ್ಯೂಕ್ ಎಲಿಂಗ್ಟನ್ ಹೆಸರು ಮಾಡಿದ ಕಾಟನ್ ಕ್ಲಬ್‌ನಲ್ಲಿ ನುಡಿಸುವವರು ಕರಿಯರು, ಕೂತು ಕೇಳುವವರು ಬಿಳಿಯರು. ಲೇಖಕರಿಗೂ ಸಿರಿವಂತ ಬಿಳಿಯರ ಆಶ್ರಯ ಬೇಕಾಗಿತ್ತು. 1929ರ ಆರ್ಥಿಕ ಕುಸಿತ ಬಂದಾಗ ಆ ಹಣವೂ ಬತ್ತಿತು. ನಮ್ಮ ಹಾಡಿಗೆ ಆಶ್ರಯದಾತರೇ ಇರಲಿಲ್ಲ. ನನ್ನ ಮಟ್ಟಿಗೆ ಅದು ಬಡತನವೂ ಹೌದು, ಬಲವೂ ಹೌದು.

1979ರಲ್ಲಿ ಧರ್ಮಸ್ಥಳದ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೆ ಪ್ರತ್ಯೇಕ ಗೋಷ್ಠಿ ಸಿಗದೆ ಹೋದಾಗ, ಅದೇ ವರ್ಷ ಬೆಂಗಳೂರಿನಲ್ಲಿ ಬಂಡಾಯ ಸಾಹಿತಿಗಳು ತಮ್ಮದೇ ಸಮ್ಮೇಳನ ನಡೆಸಿದರು. ಆ ಬಾಗಿಲಿನಿಂದ ಮುಸ್ಲಿಂ ಲೇಖಕರೂ ಒಳಬಂದರು. ಮನೆಯಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ ಎಂದು ಬೆಳೆಯುವ ನಮ್ಮ ಮಕ್ಕಳಿಗೆ ಈ ಸಂಗತಿ ಗೊತ್ತಿರಲೇಬೇಕು. ಬಂಡಾಯದ ಜೊತೆ ಬೆಳೆದ ಬಾನು ಮುಷ್ತಾಕ್ ಅವರ ಕನ್ನಡ ಕಥೆಗಳು, ದೀಪಾ ಭಾಸ್ತಿಯವರ ಅನುವಾದದಲ್ಲಿ 2025ರ ಅಂತಾರಾಷ್ಟ್ರೀಯ ಬೂಕರ್ ಬಹುಮಾನ ಪಡೆದವು.

ಸಿದ್ಧಲಿಂಗಯ್ಯನವರು ಮುಂದೆ ಕೆಂಗೇರಿ ಕಡೆಯ ಜ್ಞಾನಭಾರತಿಯಲ್ಲಿ ಕನ್ನಡ ಪ್ರಾಧ್ಯಾಪಕರಾದರು, ವಿಧಾನ ಪರಿಷತ್ತಿನ ಸದಸ್ಯರಾದರು. 2015ರಲ್ಲಿ ಶ್ರವಣಬೆಳಗೊಳದ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. 2021ರ ಜೂನ್‌ನಲ್ಲಿ ಕೊರೋನಾದಿಂದ ತೀರಿಕೊಂಡರು. ಬೂಸಾ ಗಲಾಟೆಯಲ್ಲಿ ಬಸವಲಿಂಗಪ್ಪನವರ ಪರ ನಿಂತಿದ್ದ ಈ ಹುಡುಗನೇ ಒಂದು ಕಾಲಕ್ಕೆ ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷನೂ ಆಗಿದ್ದ.