ಖಜಾನೆಯಿಂದ ಮ್ಯಾಗಜಿನ್‌ವರೆಗೆ

ಜುಮಾ ಖುತ್ಬಾದ ಸಾರಾಂಶ ಓದಲೆಂದು ತಿಂಗಳಿಗೊಮ್ಮೆ ಮನೆಗೆ ತರುವ ಇಂಥ ಪತ್ರಿಕೆಯನ್ನು ನಮ್ಮ ಹಿರಿಯರು ‘ರಿಸಾಲಾ’ ಎನ್ನುತ್ತಾರೆ, ನಡುವಯಸ್ಸಿನವರು ‘ಮಾಸಪತ್ರಿಕೆ’ ಎನ್ನುತ್ತಾರೆ, ಇಂಗ್ಲಿಷ್ ಮಾಧ್ಯಮದಲ್ಲಿ ಓದುವ ಮಕ್ಕಳು ‘ಮ್ಯಾಗಜಿನ್’ ಎನ್ನುತ್ತಾರೆ. ಮೂರೂ ಸರಿಯೇ. ಆದರೆ ಮಕ್ಕಳ ಬಾಯಲ್ಲಿರುವ ಆ ಇಂಗ್ಲಿಷ್ ಮಾತಿನ ಮೂಲ ಹುಡುಕುತ್ತ ಹೋದರೆ ಅದು ಲಂಡನ್ನಿನಲ್ಲಿ ನಿಲ್ಲುವುದಿಲ್ಲ. ಅರಬಿ ಭಾಷೆಗೆ ಹೋಗುತ್ತದೆ, ಅಲ್ಲಿಂದ ನಮ್ಮ ಸಿಂಧನೂರು, ಲಿಂಗಸುಗೂರಿನ ಖಜಾನೆಯ ಬಾಗಿಲಿಗೇ ಬಂದು ನಿಲ್ಲುತ್ತದೆ.

ಅರಬಿಯಲ್ಲಿ ‘ಖಝನ’ ಎಂದರೆ ಕೂಡಿಟ್ಟು ಜೋಪಾನ ಮಾಡುವುದು. ಇದೇ ಧಾತುವಿನಿಂದ ‘ಮಖ್‌ಝನ್’ ಎಂಬ ಪದ ಬಂತು. ಅದರ ಅರ್ಥ ಉಗ್ರಾಣ, ಬಹುವಚನ ‘ಮಖಾಝಿನ್’. ಅರಬ್ ವರ್ತಕರು ಮೆಡಿಟರೇನಿಯನ್ ಸಮುದ್ರದ ಬಂದರುಗಳಲ್ಲಿ ಸರಕು ಇಳಿಸಿ ಕೂಡಿಡುತ್ತಿದ್ದ ಕಾಲದಲ್ಲಿ ಈ ಮಾತು ಅಲ್ಲಿಯವರ ನಾಲಿಗೆಗೂ ಹತ್ತಿತು. ಇಟಲಿಯವರು ‘ಮಗಜ್ಜೀನೊ’ ಎಂದರು. ಸ್ಪೇನಿನವರು ಅರಬಿಯ ‘ಅಲ್’ ಅನ್ನೂ ಬಿಡದೆ ‘ಅಲ್ಮಸೇನ್’ ಎಂದರು. ಫ್ರೆಂಚರಲ್ಲಿ ‘ಮಗಜಾಂ’ ಎಂದರೆ ಇಂದಿಗೂ ಅಂಗಡಿ. ಫ್ರೆಂಚರಿಂದಲೇ 16ನೇ ಶತಮಾನದ ಕೊನೆಯಲ್ಲಿ ಇಂಗ್ಲಿಷಿಗೆ ‘ಮ್ಯಾಗಜಿನ್’ ಬಂದದ್ದು. ಹತ್ತಿಗೆ ಅರಬಿಯಲ್ಲಿರುವ ‘ಕುತ್ನ್’ ಎಂಬ ಹೆಸರು ‘ಕಾಟನ್’ ಆಗಿ ಇಂಗ್ಲಿಷಿಗೆ ಸೇರಿದ್ದೂ ಇಂಥದೇ ವ್ಯಾಪಾರದ ದಾರಿಯಲ್ಲಿ.

ಇಂಗ್ಲಿಷಿನಲ್ಲಿ ಮೊದಲು ಅದರ ಅರ್ಥ ಉಗ್ರಾಣ ಎಂದಷ್ಟೇ ಇತ್ತು. ಸೇನೆಗಳು ಬೆಳೆದಂತೆ ಮದ್ದುಗುಂಡು ಇಡುವ ಕಟ್ಟಡಕ್ಕೆ ಆ ಹೆಸರು ಅಂಟಿಕೊಂಡಿತು. 1857ರ ಮೇ 11ರಂದು, ಸ್ವಾತಂತ್ರ್ಯ ಹೋರಾಟದ ಸಿಪಾಯಿಗಳ ಕೈಗೆ ಸಿಗಬಾರದೆಂದು ದೆಹಲಿಯಲ್ಲಿ ಬ್ರಿಟಿಷರೇ ಸ್ಫೋಟಿಸಿದ ಮದ್ದಿನ ಮನೆಯನ್ನು ಇತಿಹಾಸದ ಪುಸ್ತಕಗಳು ‘ದೆಹಲಿ ಮ್ಯಾಗಜಿನ್’ ಎಂದೇ ಕರೆಯುತ್ತವೆ. ಮುಂದೆ ಬಂದೂಕಿನಲ್ಲಿ ಗುಂಡು ತುಂಬಿಡುವ ಭಾಗವೂ ಮ್ಯಾಗಜಿನ್ ಆಯಿತು.

ಇದರ ಜೊತೆಯಲ್ಲೇ ಪದಕ್ಕೆ ಇನ್ನೊಂದು ಬಾಳು ಶುರುವಾಯಿತು. ಬೇಕಾದ ವಿಷಯಗಳನ್ನೆಲ್ಲ ಒಂದೆಡೆ ಕೂಡಿಟ್ಟ ಪುಸ್ತಕವೂ ಒಂದು ಉಗ್ರಾಣವೇ ಅಲ್ಲವೇ? 1669ರಲ್ಲಿ ನಾವಿಕರಿಗಾಗಿ ಬಂದ ಒಂದು ಇಂಗ್ಲಿಷ್ ಕೈಪಿಡಿಗೆ ‘ಮ್ಯಾರಿನರ್ಸ್ ಮ್ಯಾಗಜಿನ್’ ಎಂದು ಹೆಸರಿಟ್ಟರು. 1731ರಲ್ಲಿ ಎಡ್ವರ್ಡ್ ಕೇವ್ ಲಂಡನ್ನಿನಲ್ಲಿ ‘ಜಂಟಲ್‌ಮನ್ಸ್ ಮ್ಯಾಗಜಿನ್’ ಎಂಬ ಮಾಸಿಕ ಆರಂಭಿಸಿದರು. ಬೇರೆ ಬೇರೆ ಪತ್ರಿಕೆಗಳಲ್ಲಿ ಚದುರಿಹೋದ ಒಳ್ಳೆಯ ಬರಹಗಳನ್ನು ಉಗ್ರಾಣದಲ್ಲಿಟ್ಟಂತೆ ಕಾಪಿಡುವುದು ಅವರ ಉದ್ದೇಶವಾಗಿತ್ತು. ಅಲ್ಲಿಂದಾಚೆಗೆ ನಿಯತಕಾಲಿಕ ಪತ್ರಿಕೆಗಳಿಗೆ ಆ ಹೆಸರು ರೂಢಿಯಾಯಿತು. 1901ರಲ್ಲಿ ಶೇಖ್ ಅಬ್ದುಲ್ ಖಾದಿರ್ ಅವರು ಲಾಹೋರಿನಲ್ಲಿ ಉರ್ದು ಮಾಸಿಕ ಹೊರಡಿಸಿದಾಗ ಅದಕ್ಕೆ ಇಟ್ಟ ಹೆಸರು ‘ಮಖ್‌ಝನ್’. ಕವಿ ಇಕ್ಬಾಲರ ಹೆಸರನ್ನು ಓದುಗರಿಗೆ ಮುಟ್ಟಿಸಿದ ಪತ್ರಿಕೆ ಅದು. ಯುರೋಪು ಸುತ್ತಿದ ಮಾತು ಹೀಗೆ ತನ್ನ ಹಳೆಯ ರೂಪದಲ್ಲೇ ಪತ್ರಿಕೆಯ ಹೆಸರಾಗಿ ಮರಳಿತು.

ಅದೇ ಧಾತುವಿನ ಇನ್ನೊಂದು ಪದ ‘ಖಿಝಾನಃ’. ಅದು ಪಾರಸಿ ಭಾಷೆಯ ಮೂಲಕ ನಮ್ಮ ಕಡೆ ಬಂದು ‘ಖಜಾನೆ’ಯಾಯಿತು. ಕೃಷ್ಣಾ ತುಂಗಭದ್ರೆಗಳ ನಡುವಿನ ನಮ್ಮ ದೋಆಬ್ ಸೀಮೆ ಬಹಮನಿ, ವಿಜಯನಗರ, ಆದಿಲ್‌ಶಾಹಿ ಆಳ್ವಿಕೆಗಳನ್ನು ಕಂಡು, ಮುಂದೆ ಹೈದರಾಬಾದ್ ನಿಜಾಮರಿಗೆ ಸೇರಿದ ನಾಡು. ಲಿಂಗಸುಗೂರು 1905ರವರೆಗೆ ಸ್ವತಃ ಒಂದು ಜಿಲ್ಲೆಯಾಗಿತ್ತು. ಕಚೇರಿಯ ಭಾಷೆ ಮೊದಲು ಪಾರಸಿ, ಆಮೇಲೆ ಉರ್ದು. ಜಿಲ್ಲೆ, ತಾಲೂಕು, ತಹಸೀಲು, ಖಜಾನೆ ಎಲ್ಲವೂ ಆ ಕಚೇರಿಗಳಿಂದ ಹೊಲ ಮನೆಗಳಿಗೆ ನಡೆದುಬಂದ ಮಾತುಗಳು. 1956ರ ನವೆಂಬರ್ 1ರಂದು ರಾಯಚೂರು ಜಿಲ್ಲೆ ಕನ್ನಡ ರಾಜ್ಯಕ್ಕೆ ಸೇರಿತು. ಕಚೇರಿಯ ಭಾಷೆ ಬದಲಾಯಿತು, ಖಜಾನೆ ಮಾತ್ರ ಹಾಗೇ ಉಳಿಯಿತು. ಇಂದು ಕರ್ನಾಟಕ ಸರ್ಕಾರ ಹಣಕಾಸಿನ ಲೆಕ್ಕ ಇಡುವ ಕಂಪ್ಯೂಟರ್ ವ್ಯವಸ್ಥೆಯ ಹೆಸರೂ ‘ಖಜಾನೆ-2’. ಪಿಂಚಣಿ ಪಡೆಯುವ ಮೇಷ್ಟ್ರು, ಚಲನ್ ಕಟ್ಟುವ ರೈತ ಯಾರಿಗೂ ಇದು ಹೊರಗಿನ ಮಾತು ಎನಿಸುವುದಿಲ್ಲ. ಉಗ್ರಾಣ, ಕಣಜ, ಹಗೇವುಗಳ ಪಕ್ಕದಲ್ಲಿ ಕನ್ನಡ ಅದಕ್ಕೂ ಜಾಗ ಕೊಟ್ಟಿದೆ. ನಮ್ಮ ಮಾತುಗಳು ಈ ನೆಲದವೋ ಪರದೇಶದವೋ ಎಂದು ಶಾಲೆಯಲ್ಲಿ ಯಾರಾದರೂ ಕೇಳಿದಾಗ ಮಕ್ಕಳು ತಲೆ ತಗ್ಗಿಸಬೇಕಿಲ್ಲ. ಕೇಳಿದವರ ಮಾತಿನಲ್ಲೂ ಇಂಥ ಪದಗಳು ಹತ್ತಾರು ಇರುತ್ತವೆ ಎಂಬುದನ್ನು ನಗುತ್ತ ತೋರಿಸಿದರೆ ಸಾಕು.

ಸಮುದ್ರದ ದಾರಿ ಹಿಡಿದ ಮ್ಯಾಗಜಿನ್, ನೆಲದ ದಾರಿ ಹಿಡಿದ ಖಜಾನೆ ಎರಡೂ ನಮ್ಮ ಲಿಂಗಸುಗೂರು ತಾಲೂಕಿನಲ್ಲೇ ಮತ್ತೆ ಭೇಟಿಯಾಗಿವೆ. ಹಟ್ಟಿ ಚಿನ್ನದ ಗಣಿ ಇರುವುದು ಇಲ್ಲೇ. ಗಣಿ ಕೆಲಸದಲ್ಲಿ ಬಂಡೆ ಒಡೆಯುವ ಸ್ಫೋಟಕ ಇಡುವ ಕಟ್ಟಡಕ್ಕೆ ಇಂದಿಗೂ ಮ್ಯಾಗಜಿನ್ ಎಂದೇ ಹೆಸರು. ಕಾನೂನಿನ ಪ್ರಕಾರ ಅದು ಜನವಸತಿಯಿಂದ ದೂರವಿರಬೇಕು, ಬೀಗ ಹಾಕಿರಬೇಕು, ಒಳಗೆ ಬಂದದ್ದು ಹೊರಗೆ ಹೋದದ್ದು ಎಲ್ಲವೂ ರಿಜಿಸ್ಟರಿನಲ್ಲಿ ಬರೆದಿರಬೇಕು. ಅಂದರೆ ಇಲ್ಲಿ ಒಂದು ಮ್ಯಾಗಜಿನ್ ಕೈಯಲ್ಲಿ ಹಿಡಿದು ಓದುವಂಥದು, ಇನ್ನೊಂದು ಎಚ್ಚರ ತಪ್ಪಿದರೆ ಜೀವ ತೆಗೆಯುವಂಥದು.

ಇದೇ ಚಿನ್ನದ ಹುಡುಕಾಟ ಮಸ್ಕಿಯಲ್ಲಿ ಇನ್ನೊಂದು ಭಂಡಾರ ತೆರೆಯಿತು. 1915ರಲ್ಲಿ ಚಿನ್ನದ ಗಣಿಗಾರಿಕೆಯ ಎಂಜಿನಿಯರ್ ಸಿ. ಬೀಡನ್ ಅವರ ಕಣ್ಣಿಗೆ ಬೆಟ್ಟದ ಬಂಡೆಯ ಮೇಲಿನ ಬರಹ ಬಿತ್ತು. ಅದು ಸಾಮ್ರಾಟ ಅಶೋಕನ ಶಾಸನವಾಗಿತ್ತು. ಅಲ್ಲಿಯವರೆಗೆ ಸಿಕ್ಕ ಶಾಸನಗಳಲ್ಲಿ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳಷ್ಟೇ ಇದ್ದವು. ಅಶೋಕ ಎಂಬ ಹೆಸರು ಮೊದಲು ಕಂಡದ್ದು ಮಸ್ಕಿಯಲ್ಲಿ. ಧರ್ಮದಲ್ಲಿ ನಡೆದರೆ ದೊಡ್ಡವರಿಗಷ್ಟೇ ಅಲ್ಲ, ಸಣ್ಣವರಿಗೂ ಉನ್ನತಿ ಸಾಧ್ಯ ಎಂಬುದು ಅದರ ಸಾರ. ಎರಡು ಸಾವಿರಕ್ಕೂ ಹೆಚ್ಚು ವರ್ಷ ಆ ಬಂಡೆ ಒಂದು ಹೆಸರನ್ನೂ ಒಂದು ಒಳ್ಳೆಯ ಮಾತನ್ನೂ ಜೋಪಾನ ಮಾಡಿತ್ತು.

ಪವಿತ್ರ ಕುರ್‌ಆನ್ ಈ ಪದವನ್ನು ಬಳಸಿರುವ ರೀತಿಯನ್ನು ನಾವು ವಿಶೇಷವಾಗಿ ಗಮನಿಸಬೇಕು. ಸೂರಃ ಯೂಸುಫ್‌ನ 55ನೇ ಆಯತ್‌ನಲ್ಲಿ ಪ್ರವಾದಿ ಯೂಸುಫ್(ಅ)ರವರು ನಾಡಿನ ‘ಖಝಾಇನ್’ಗಳ, ಅಂದರೆ ಉಗ್ರಾಣಗಳ ಹೊಣೆಯನ್ನು ತಮಗೆ ವಹಿಸುವಂತೆ ಅರಸನನ್ನು ಕೇಳುತ್ತಾರೆ. ಏಳು ವರ್ಷ ಸಮೃದ್ಧಿ, ಆಮೇಲೆ ಏಳು ವರ್ಷ ಬರ ಎಂಬುದನ್ನು ಅವರು ಮೊದಲೇ ತಿಳಿಸಿದ್ದರು. ಕೊಯ್ದ ಧಾನ್ಯವನ್ನು ತೆನೆಯಲ್ಲೇ ಬಿಡಿ, ಊಟಕ್ಕೆ ಬೇಕಾದಷ್ಟನ್ನೇ ತೆಗೆಯಿರಿ ಎಂದೂ ಹೇಳಿದ್ದರು. ಬಿಳಿಜೋಳ, ಭತ್ತ ಬೆಳೆಯುವ ನಮ್ಮವರಿಗೆ, ಕಾಲುವೆಯ ನೀರು ಬಂದ ವರ್ಷವನ್ನೂ ಬಾರದ ವರ್ಷವನ್ನೂ ಕಂಡವರಿಗೆ ಇದರ ಬೆಲೆ ಬಿಡಿಸಿ ಹೇಳಬೇಕಿಲ್ಲ. ಆ ಹೊಣೆಗೆ ಅವರು ಹೇಳಿಕೊಂಡ ಅರ್ಹತೆಗಳು ಎರಡು: ಕಾಯುವ ನಿಷ್ಠೆ ಮತ್ತು ಅರಿವು. ವಂಶವನ್ನೂ ಬಲವನ್ನೂ ಅವರು ಮುಂದಿಡಲಿಲ್ಲ. ಸೂರಃ ಅಲ್‌ಹಿಜ್ರ್‌ನ 21 ಮತ್ತು 22ನೇ ಆಯತ್‌ಗಳಲ್ಲಿ ಎಲ್ಲ ವಸ್ತುಗಳ ಭಂಡಾರಗಳೂ ಅಲ್ಲಾಹನ ಬಳಿಯೇ ಇವೆ, ಆಕಾಶದಿಂದ ಇಳಿಯುವ ನೀರನ್ನು ಕೂಡಿಟ್ಟವರು ಮನುಷ್ಯರಲ್ಲ ಎಂಬ ಅರ್ಥದ ಎಚ್ಚರಿಕೆಯಿದೆ. ನಿಜವಾದ ಒಡೆಯ ಅವನು. ನಾವು ಬರೀ ಕಾವಲುಗಾರರು.

ಈ ಕಾವಲುಗಾರನಿಗೆ ಅರಬಿಯಲ್ಲಿ ‘ಖಾಝಿನ್’ ಎನ್ನುತ್ತಾರೆ. ನಮ್ಮಲ್ಲಿ ಅವನು ‘ಖಜಾಂಚಿ’. ಕೊಡು ಎಂದು ಹೇಳಿದ್ದನ್ನು ಹೇಳಿದವರಿಗೇ, ಪೂರ್ತಿಯಾಗಿ, ಸಂತೋಷದ ಮನಸ್ಸಿನಿಂದ ಕೊಡುವ ವಿಶ್ವಾಸಾರ್ಹ ಖಾಝಿನ್ ಕೂಡ ದಾನಿಗಳಲ್ಲಿ ಒಬ್ಬನೆಂದು ಪ್ರವಾದಿ ಮುಹಮ್ಮದ್(ಸ)ರವರು ಕಲಿಸಿದ್ದಾರೆ. ಇದು ಸಹೀಹ್ ಬುಖಾರಿ, ಸಹೀಹ್ ಮುಸ್ಲಿಮ್ ಎರಡರಲ್ಲೂ ಇರುವ ಹದೀಸ್. ಹಣ ಅವನದಲ್ಲ, ಆದರೂ ಪುಣ್ಯದಲ್ಲಿ ಅವನಿಗೆ ಪಾಲಿದೆ. ಮಸೀದಿ ಕಮಿಟಿಯ, ಮದರಸಾದ, ಸ್ತ್ರೀಶಕ್ತಿ ಸಂಘದ ಖಜಾಂಚಿಗಳಾಗಿ ಸಂಬಳವಿಲ್ಲದೆ ರಸೀದಿ ಬರೆಯುವ ಸಹೋದರ ಸಹೋದರಿಯರಿಗೆ ಇದಕ್ಕಿಂತ ದೊಡ್ಡ ಸನ್ಮಾನ ಯಾವುದಿದೆ? ಲೆಕ್ಕ ಮುಚ್ಚಿಡುವವರಿಗೆ ಇದಕ್ಕಿಂತ ದೊಡ್ಡ ಎಚ್ಚರಿಕೆಯೂ ಇಲ್ಲ.

ಇಂದು ಪ್ರತಿಯೊಬ್ಬರ ಜೇಬಿನಲ್ಲೂ ಒಂದು ಮ್ಯಾಗಜಿನ್ ಇದೆ. ಮೊಬೈಲಿನಲ್ಲಿ ಬಂದ ಮಾತನ್ನು ನಾವು ಕೂಡಿಡುತ್ತೇವೆ, ಇನ್ನೊಬ್ಬರಿಗೆ ದಾಟಿಸುತ್ತೇವೆ. ಅದು ಬರಗಾಲಕ್ಕೆ ಆಗುವ ಕಾಳೋ, ಊರನ್ನು ಸುಡುವ ಮದ್ದೋ ಎಂದು ನೋಡುವ ಕೆಲಸ ಕಾವಲುಗಾರನದು. ಯೂಸುಫ್(ಅ)ರವರು ಹೇಳಿಕೊಂಡ ಎರಡು ಗುಣಗಳು ಅಲ್ಲೂ ಬೇಕು: ಅರಿಯದೆ ದಾಟಿಸಬಾರದು, ಅರಿತಮೇಲೆ ಕಾಯುವುದನ್ನು ಬಿಡಬಾರದು. ನಮ್ಮ ಕೈಗೆ ಬಂದ ಹಣ, ಧಾನ್ಯ, ಮಾತು ಎಲ್ಲವೂ ಅಮಾನತ್. ಅದನ್ನು ಹಾಗೆಯೇ ಒಪ್ಪಿಸುವ ತೌಫೀಕ್ ಅನ್ನು ಅಲ್ಲಾಹನು ನಮ್ಮೆಲ್ಲರಿಗೂ ನೀಡಲಿ. ಆಮೀನ್.