ಬಾದಾಮಿಯಲ್ಲಿ ವಸ್ತಿ

ಬನದ ಹುಣ್ಣಿಮೆ ಬಂತೆಂದರೆ ನಮ್ಮಜ್ಜ ಇಳಕಲ್ಲಿನಿಂದ ಚಕ್ಕಡಿ ಹೂಡಿಕೊಂಡು ಬಾದಾಮಿ ಹತ್ತಿರದ ಬನಶಂಕರಿ ಜಾತ್ರೆಗೆ ಹೊರಡುತ್ತಿದ್ದ. ವಸ್ತಿ ಹರಿದ್ರಾತೀರ್ಥದ ಸುತ್ತಲಿನ ಕಲ್ಲುಕಂಬಗಳ ಸಾಲುಮಂಟಪದಲ್ಲಿ. ಮೆಟ್ಟಿಲಿಳಿದರೆ ನೀರು, ಎದುರಿಗೇ ಗುಡಿ, ರಾತ್ರಿಯಿಡೀ ಕಂಪನಿ ನಾಟಕ. ಅಜ್ಜಿ ಕಂಬಕ್ಕೊರಗಿ ಕುಳಿತು ಬುತ್ತಿ ಬಿಚ್ಚಿ ಎಳ್ಳು ಹಚ್ಚಿದ ಸಜ್ಜಿರೊಟ್ಟಿ, ಪುಂಡಿಪಲ್ಯ ಹಂಚುತ್ತಿದ್ದಳು. ಅಂಥ ಅನುಕೂಲದ ಜಾಗ ಮತ್ತೆ ಸಿಕ್ಕಿಲ್ಲ.

ಬಾದಾಮಿಗೆ ರೈಲೂ ಇದೆ, ಆದರೆ ನಿಲ್ದಾಣ ಊರಿಂದ ಸುಮಾರು 5 ಕಿಲೋಮೀಟರ್ ದೂರ, ಅಲ್ಲಿಂದ ಆಗೆಲ್ಲ ಟಾಂಗಾ ಹಿಡಿಯಬೇಕಿತ್ತು. ಹೊಸಬರಿಗೆ ನಾನು ಹೇಳುವುದಿಷ್ಟೇ: ಬಸ್ ನಿಲ್ದಾಣದ ಹತ್ತಿರವೇ ಲಾಡ್ಜ್ ಹಿಡಿಯಿರಿ. ಚಾಲುಕ್ಯ ಮಂಗಳೇಶನ ಕ್ರಿ.ಶ. 578ರ ಶಾಸನವಿರುವ ಮೂರನೇ ಗುಹೆಗೆ ನಡೆದೇ ಹೋಗಬಹುದು. ಬೆಳಿಗ್ಗೆ ಅಗಸ್ತ್ಯತೀರ್ಥದ ದಂಡೆಯಲ್ಲಿ ಬಟ್ಟೆ ಒಗೆಯುವ ಸಪ್ಪಳ ಕೆಂಪು ಬಂಡೆಗೆ ಬಡಿದು ಮರಳಿ ಕೇಳುತ್ತದೆ.